ಅಕ್ಟೋಬರ್ 1ರಿಂದ ಸರ್ವಿಸ್ ಬಿಲ್ಲಲ್ಲಿ ಕ್ಲೀನರ್ ಬಾಟ್ಲಿ ಇರಲ್ಲ

ನಮ್ಮ ಗ್ಯಾರೇಜಿಗೆ ಗಾಡಿ ಬಿಡೋ ಎಲ್ರಿಗೂ ನಮಸ್ಕಾರ,

ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬ ಮುಗೀತು, ಮಳೆನೂ ಸ್ವಲ್ಪ ಕಮ್ಮಿ ಆಯ್ತು, ಈಗ ಒಂದೊಂದಾಗಿ ಗಾಡಿಗಳು ಸರ್ವಿಸ್‌ಗೆ ಬರೋಕೆ ಶುರು ಆಗಿದೆ. ಅದಕ್ಕೆ ಮೊದ್ಲೇ ಹೇಳ್ಬಿಡೋಣ ಅಂತ ಈ ಪತ್ರ. ಇಷ್ಟು ದಿನ ಪ್ರತಿ ಸರ್ವಿಸ್‌ಗೂ ಟ್ಯಾಂಕಿಗೆ ಒಂದು ಬಾಟ್ಲಿ ಫ್ಯೂಯೆಲ್ ಸಿಸ್ಟಮ್ ಕ್ಲೀನರ್ ಹಾಕಿ ಬಿಲ್ಲಿಗೆ 450 ರೂಪಾಯಿ ಸೇರಿಸ್ತಿದ್ವಲ್ಲ, ಅದನ್ನ ಅಕ್ಟೋಬರ್ 1ರಿಂದ ಪ್ಯಾಕೇಜಿಂದ ತೆಗೀತಿದ್ದೀವಿ. ಲೇಬರ್ ಚಾರ್ಜ್ ಮಾತ್ರ 200 ರೂಪಾಯಿ ಜಾಸ್ತಿ ಆಗುತ್ತೆ. ಬಾಟ್ಲಿ ಸುರಿಯೋಕೆ ಎರಡು ನಿಮಿಷ ಸಾಕು, ಆದ್ರೆ ಎಂಜಿನ್‌ಗೆ ಗಾಳಿ ಬಿಡೋ ಥ್ರಾಟಲ್ ಬಾಡಿ ಬಿಚ್ಚಿ ಕ್ಲೀನ್ ಮಾಡೋಕೆ, ಡೀಸೆಲ್ ಫಿಲ್ಟರಿಂದ ನೀರು ಇಳಿಸೋಕೆ ಹುಡುಗರಿಗೆ ಟೈಮ್ ಬೇಕು, ಇನ್ಮೇಲೆ ಈ ಕೆಲ್ಸ ಪ್ಯಾಕೇಜಲ್ಲೇ ಬರುತ್ತೆ.

ವಿಷಯ ಕೇಳಿದೋರೆಲ್ಲ ಒಂದೇ ಪ್ರಶ್ನೆ, ಹಾಗಾದ್ರೆ ಬಾಟ್ಲಿ ಬರೀ ಸುಳ್ಳಾ ಅಂತ. ಸುಳ್ಳಲ್ಲ. ಅದ್ರಲ್ಲಿ ಪಾಲಿಈಥರ್ ಅಮೀನ್ ಅನ್ನೋ ಕೆಮಿಕಲ್ ಸರಿಯಾದ ಪ್ರಮಾಣದಲ್ಲಿ ಇದ್ರೆ ಎಂಜಿನ್‌ಗೆ ಪೆಟ್ರೋಲ್ ಚಿಮ್ಮೋ ಇಂಜೆಕ್ಟರ್ ತುದಿಲಿ ಕೂತಿರೋ ಮಡ್ಡಿ ನಿಜವಾಗ್ಲೂ ಕರಗುತ್ತೆ, ಸಿಲಿಂಡರ್ ಒಳಗಿನ ಕಾರ್ಬನ್ ಕೂಡ ಸ್ವಲ್ಪ ಬಿಡುತ್ತೆ. ಅಮೆರಿಕದಲ್ಲಿ 1995ರಿಂದ ಪೆಟ್ರೋಲಲ್ಲೇ ಡಿಟರ್ಜೆಂಟ್ ಇರ್ಬೇಕು ಅಂತ ಸರ್ಕಾರ ಕಡ್ಡಾಯ ಮಾಡಿದೆ, ಅದೂ ಸಾಲಲ್ಲ ಅಂತ 2004ರಲ್ಲಿ ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ, ಟೊಯೋಟಾ ಸೇರ್ಕೊಂಡು ಟಾಪ್ ಟಿಯರ್ ಅಂತ ಇನ್ನೂ ಬಿಗಿಯಾದ ಸ್ಟ್ಯಾಂಡರ್ಡ್ ತಂದ್ರು. ಅಂದ್ರೆ ಕಾರ್ ಮಾಡೋರೇ ಒಪ್ಪಿರೋ ವಿಷಯ ಇದು. ನಮ್ಮಲ್ಲೂ ಬಂಕಲ್ಲಿ ಸಿಗೋ ಎಕ್ಸ್‌ಪಿ95, ಸ್ಪೀಡ್ ಥರದ ಪೆಟ್ರೋಲಲ್ಲಿ ಅಂಥ ಅಡಿಟಿವ್ ಹಾಕಿರ್ತಾರೆ. ಆದ್ರೆ ಅಂಗಡಿಲಿ ಸಾಲಾಗಿ ಇಟ್ಟಿರೋ ಬಾಟ್ಲಿಗಳಲ್ಲಿ ಎಷ್ಟೋ ಬಾಟ್ಲಿ ಮುಕ್ಕಾಲು ಪಾಲು ಸೀಮೆಎಣ್ಣೆ ಜಾತಿಯ ಸಾಲ್ವೆಂಟೇ, ಒಳಗೆ ಏನಿದೆ ಅಂತ ಲೇಬಲ್ಲಲ್ಲೂ ಹಾಕಿರಲ್ಲ, ಎಂಜಿನ್ ಚಿತ್ರ ಮಾತ್ರ ಪಳಪಳ ಅಂತ ಇರುತ್ತೆ.

ಇನ್ನೊಂದು ವಿಷಯ, ಟ್ಯಾಂಕಿಗೆ ಹಾಕಿದ್ದು ಪೆಟ್ರೋಲ್ ಹೋಗೋ ಜಾಗಕ್ಕೆ ಮಾತ್ರ ಹೋಗುತ್ತೆ. ಥ್ರಾಟಲ್ ಬಾಡಿಲಿ ಬರೀ ಗಾಳಿ ಓಡಾಡೋದು, ಅಲ್ಲಿ ಕಟ್ಟಿರೋ ಕರಿ ಜಿಡ್ಡಿಗೆ ಬಾಟ್ಲಿ ಮುಟ್ಟೋದೇ ಇಲ್ಲ, ಐಡ್ಲಿಂಗಲ್ಲಿ ಗಾಡಿ ನಡುಗ್ತಿದೆ ಅಂತ ಬರೋ ಎಷ್ಟೋ ಕೇಸ್ ಇದೇ. ಈಗ ಊರ ತುಂಬ ಓಡಾಡ್ತಿರೋ ಪೆಟ್ರೋಲ್ ಥಾರ್ ಇದ್ಯಲ್ಲ, ಅದು ಡೈರೆಕ್ಟ್ ಇಂಜೆಕ್ಷನ್, ಪೆಟ್ರೋಲ್ ಸೀದಾ ಸಿಲಿಂಡರ್ ಒಳಗೆ ಬೀಳೋದ್ರಿಂದ ಇನ್‌ಟೇಕ್ ವಾಲ್ವ್ ಮೇಲೆ ಕಟ್ಟೋ ಕಾರ್ಬನ್‌ಗೆ ನೀವು ಎಷ್ಟು ದುಬಾರಿ ಬಾಟ್ಲಿ ಹಾಕಿದ್ರೂ ಅಷ್ಟೇ, ಇಂಜೆಕ್ಟರ್ ತುದಿಗೆ ಉಪಯೋಗ ಆಗ್ಬೋದು, ವಾಲ್ವ್‌ಗೆ ಆಗಲ್ಲ. ಹಳೇ ಸ್ವಿಫ್ಟ್, ಆಲ್ಟೋ ಥರದ ಗಾಡಿಲಿ ವಾಲ್ವ್ ಮೇಲೇ ಪೆಟ್ರೋಲ್ ಚಿಮ್ಮುತ್ತೆ, ಅಲ್ಲಿ ಲೆಕ್ಕ ಬೇರೆ.

ಇಂಜೆಕ್ಟರ್ ಮೇಲೆ ಡೌಟ್ ಇದ್ರೆ ಬಿಚ್ಚಿ ನಮ್ಮ ಟೆಸ್ಟಿಂಗ್ ಮಿಷಿನ್‌ಗೆ ಹಾಕ್ತೀವಿ, ನೀವೂ ಪಕ್ಕದಲ್ಲೇ ನಿಂತು ನೋಡ್ಬೋದು. ಕೆಳಗೆ ನಾಲ್ಕು ಗಾಜಿನ ಟ್ಯೂಬ್ ಇರುತ್ತೆ, ಮೂರು ಒಂದೇ ಮಟ್ಟಕ್ಕೆ ತುಂಬಿರುತ್ತೆ, ನಾಲ್ಕನೇದು ಒಂದು ಬೆರಳು ಕೆಳಗೇ ನಿಂತಿರುತ್ತೆ, ಮೇಲೆ ನೋಡಿದ್ರೆ ಮಿಕ್ಕ ಮೂರು ಮಂಜಿನ ಥರ ಸ್ಪ್ರೇ ಮಾಡ್ತಿದ್ರೆ ಇದು ಮಾತ್ರ ದಾರ ಬಿಟ್ಟಂಗೆ ಸುರೀತಿರುತ್ತೆ. ವ್ಯತ್ಯಾಸ ಸ್ವಲ್ಪ ಇದ್ರೆ ಬಾಟ್ಲಿ ಸಾಕು, ಇಷ್ಟೊಂದು ಇದ್ರೆ ಅಲ್ಟ್ರಾಸಾನಿಕ್, ಅಂದ್ರೆ ಶಬ್ದದ ಅಲೆಯಿಂದ ತೊಳೆಯೋ ಮಿಷಿನಲ್ಲಿ ಹಾಕಿ ತೊಳೀಲೇಬೇಕು, ಅದಕ್ಕೆ ಬೇರೆ ಚಾರ್ಜ್, ಮೊದ್ಲೇ ಕೇಳಿನೇ ಮಾಡ್ತೀವಿ.

ಮೈಲೇಜ್ ಬಿದ್ದಿದೆ, ಒಂದು ಬಾಟ್ಲಿ ಹಾಕ್ಬಿಡಣ್ಣ ಅನ್ನೋರು ಈಚೆಗೆ ಜಾಸ್ತಿ. ಬಂಕಲ್ಲಿ ಈಗ ಸಿಗ್ತಿರೋದು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್, ಎಥನಾಲಲ್ಲಿ ಲೀಟರ್‌ಗೆ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ. ಹಳೇ ಪೆಟ್ರೋಲಿಗೆ ಅಂತ ಮಾಡಿದ ಕಾರುಗಳಲ್ಲಿ ಮೈಲೇಜ್ 6ರಿಂದ 7 ಪರ್ಸೆಂಟ್ ಇಳಿಯುತ್ತೆ ಅಂತ 2021ರ ನೀತಿ ಆಯೋಗದ ವರದಿಲೇ ಇದೆ. ಅದನ್ನ ಯಾವ ಬಾಟ್ಲಿನೂ ವಾಪಸ್ ಕೊಡಲ್ಲ. ಅದ್ರ ಬದ್ಲು ಓಮ್ನಿ, 800, ಜಿಪ್ಸಿ ಇಟ್ಕೊಂಡಿರೋರು ಪೆಟ್ರೋಲ್ ಹೋಸ್ ಚೆಕ್ ಮಾಡ್ಸಿ, ಹಳೇ ರಬ್ಬರ್‌ಗೆ ಎಥನಾಲ್ ಆಗ್ಬರಲ್ಲ, ಉಬ್ಬಿ ಬಿರುಕು ಬಿಡುತ್ತೆ. ಮಳೆಗಾಲ ಪೂರ್ತಿ ಶೆಡ್ಡಲ್ಲೇ ನಿಂತಿದ್ದ ತೋಟದ ಜೀಪ್ ಆದ್ರೆ ಟ್ಯಾಂಕ್ ಖಾಲಿ ಮಾಡ್ಸಿ ಹೊಸ ಪೆಟ್ರೋಲ್ ಹಾಕ್ಸೋದೇ ವಾಸಿ, ಎಥನಾಲ್ ನೀರು ಎಳ್ಕೊಳ್ಳುತ್ತೆ, ಕಾರ್ಬ್ಯುರೇಟರ್ ಜೆಟ್ ಒಂದ್ಸಲ ಪೂರ್ತಿ ಕಟ್ಕೊಂಡ್ರೆ ಬಿಚ್ಚಿ ತೊಳೀದೆ ಬೇರೆ ದಾರಿ ಇಲ್ಲ.

ಡೀಸೆಲ್ ಗಾಡಿಯೋರಿಗೆ ಬಾಟ್ಲಿಗಿಂತ ನೀರಿನ ಕಡೆ ಗಮನ ಇರ್ಲಿ. ನಮ್ಮ ಕಡೆ ಮಳೆ ಗೊತ್ತಲ್ಲ, ಅರ್ಧ ಖಾಲಿ ಟ್ಯಾಂಕ್ ಒಳಗೆ ತಿಂಗಳುಗಟ್ಲೆ ತೇವ ಕೂರುತ್ತೆ. ಫಿಲ್ಟರ್ ಕೆಳಗಿನ ಸ್ಕ್ರೂ ಬಿಟ್ಟು ಗಾಜಿನ ಬಾಟ್ಲಿಗೆ ಇಳಿಸಿದ್ರೆ ಅಡಿಲಿ ನೀರು, ಮೇಲೆ ಡೀಸೆಲ್, ಮಧ್ಯೆ ಗೆರೆ ಎಳೆದಂಗೆ ಕಾಣುತ್ತೆ. ಆ ನೀರು ಮುಂದಕ್ಕೆ ಹೋದ್ರೆ ಪಂಪ್, ಇಂಜೆಕ್ಟರ್ ಎರಡಕ್ಕೂ ತುಕ್ಕು, ಆಮೇಲೆ ಬರೋ ಬಿಲ್ ನೋಡಿ ನಮ್ಗೇ ಬೇಜಾರಾಗುತ್ತೆ. ಬಿಎಸ್6 ಡೀಸೆಲಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಲೈಟ್ ಬಂದ್ರೂ ಬಾಟ್ಲಿ ಕೇಳ್ಬೇಡಿ. ತೋಟದಿಂದ ಗೋಣಿಕೊಪ್ಪಕ್ಕೆ ಹೋಗಿ ವಾಪಸ್ ಬರೋ ಓಡಾಟದಲ್ಲಿ ಅದು ಬಿಸಿಯಾಗಿ ಮಸಿ ಸುಡೋದೇ ಇಲ್ಲ, ವಾರಕ್ಕೋ ಹದಿನೈದು ದಿನಕ್ಕೋ ಒಂದ್ಸಲ ಒಂದೇ ಸ್ಪೀಡಲ್ಲಿ ಸ್ವಲ್ಪ ದೂರ ಓಡಿಸ್ಬೇಕು. ತಿತಿಮತಿ ಕಾಡಲ್ಲಿ ಬೇಡ ಮಾರಾಯ್ರೆ, ಆನೆ ಬರುತ್ತೆ, ಹುಣಸೂರು ದಾಟಿ ಮೈಸೂರು ರೋಡಲ್ಲಿ ಓಡ್ಸಿ.

ಬಾಟ್ಲಿ ಪೂರ್ತಿ ನಿಲ್ಸಿಲ್ಲ, ಒಳ್ಳೇದು ಒಂದೇ ಬ್ರ್ಯಾಂಡ್ ಇಟ್ಕೊಂಡಿರ್ತೀವಿ. ಬೇಕಾದ ಗಾಡಿಗೆ ಸರ್ವಿಸ್ ದಿನ ಹಾಕಲ್ಲ, ಅದಕ್ಕಿಂತ ಒಂದು ಟ್ಯಾಂಕ್ ಮುಂಚೆ ಕೈಗೆ ಕೊಡ್ತೀವಿ, ಫುಲ್ ಟ್ಯಾಂಕ್ ಮಾಡ್ಸಿ ಹಾಕಿ, ಓಡಿಸಿ ಖಾಲಿ ಆಗೋ ಹೊತ್ತಿಗೆ ಬನ್ನಿ, ಯಾಕಂದ್ರೆ ಕ್ಲೀನರ್ ಸ್ವಲ್ಪ ಎಂಜಿನ್ ಆಯಿಲಿಗೂ ಇಳಿಯುತ್ತೆ, ಆಗ ಆಯಿಲ್ ಚೇಂಜ್ ಮಾಡಿದ್ರೆ ಹೊಸ ಆಯಿಲ್ ಕೆಡಲ್ಲ. ಬೇಗ ಕ್ಲೀನ್ ಆಗ್ಲಿ ಅಂತ ಎರಡು ಬಾಟ್ಲಿ ಒಟ್ಟಿಗೆ ಹಾಕೋದು ಬೇಡ.

ವರ್ಷದ ಪ್ಯಾಕೇಜ್‌ಗೆ ಮೊದ್ಲೇ ದುಡ್ಡು ಕಟ್ಟಿರೋರಿಗೆ ಹೊಸ ಲೇಬರ್ ಚಾರ್ಜ್ ಈ ವರ್ಷ ಇಲ್ಲ, ಉಳಿದ ಬಾಟ್ಲಿ ದುಡ್ಡು ಮುಂದಿನ ಬಿಲ್ಲಲ್ಲಿ ಕಳೀತೀವಿ. ಕಾಫಿ ಕುಯ್ಲು ಶುರು ಆದ್ಮೇಲೆ ಪಿಕಪ್ಪುಗಳ ರಷ್ ಇರುತ್ತೆ, ಹಾಗಾಗಿ ಕಾರಿನೋರು ಪುತ್ತರಿ ಹಬ್ಬಕ್ಕೆ ಮುಂಚೆನೇ ಒಂದು ಫೋನ್ ಮಾಡಿ ಡೇಟ್ ಹೇಳ್ಬಿಡಿ.