ಅಂಗವೈಕಲ್ಯ ಮೌಲ್ಯಮಾಪನ: ಮನೆಯವರ ಮಾತನ್ನು ಬೇರೆಯಾಗಿ ಕೇಳಿ

ಸಂಪಾದಕರಿಗೆ,

ಮಾನ್ಯರೆ,

ಮಾನಸಿಕ ಕಾಯಿಲೆ ಇರುವವರಿಗೆ ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ಮೊದಲು ನಡೆಯುವ ಮೌಲ್ಯಮಾಪನದ ಬಗ್ಗೆ, ಹೆಂಡತಿಯ ಜೊತೆ ಎರಡು ಸಲ ಅದಕ್ಕೆ ಹೋಗಿ ಬಂದವನಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಂದೂವರೆ ಎಕರೆ ಅಡಿಕೆ ತೋಟ ನೋಡಿಕೊಂಡಿರುವವನು. ನನ್ನ ಹೆಂಡತಿಗೆ 11 ವರ್ಷಗಳಿಂದ ಸ್ಕಿಜೋಫ್ರೀನಿಯಾ ಇದೆ. ಮಾತ್ರೆ ತಪ್ಪಿಸುವುದಿಲ್ಲ, ಮೊದಲು ಕೇಳಿಸುತ್ತಿದ್ದ ಧ್ವನಿಗಳು ಈಗ ಬಹುಮಟ್ಟಿಗೆ ನಿಂತಿವೆ, ಕೂಗಾಟ, ಮನೆ ಬಿಟ್ಟು ಹೋಗುವುದು ಯಾವುದೂ ಇಲ್ಲ. ಆದ್ದರಿಂದ ಊರಿನವರ ಲೆಕ್ಕದಲ್ಲಿ ಅವಳು ಗುಣವಾಗಿದ್ದಾಳೆ.

ಮನೆಯೊಳಗಿನ ಲೆಕ್ಕ ಬೇರೆ. ಬಚ್ಚಲಿನ ಹಂಡೆಯ ನೀರು ಕಾದು ಆರಿದರೂ ಅವಳಾಗಿ ಸ್ನಾನಕ್ಕೆ ಏಳುವುದಿಲ್ಲ, ಮೂರು ನಾಲ್ಕು ಸಲ ಹೇಳಬೇಕು. ಒಂದು ಕಾಲದಲ್ಲಿ ಕೊಯ್ಲಿನ ದಿನಗಳಲ್ಲಿ ನಮ್ಮ ಕೇರಿಯ ಹೆಂಗಸರಲ್ಲೆಲ್ಲ ಬೇಗ ಅಡಿಕೆ ಸುಲಿಯುತ್ತಿದ್ದವಳು ಅವಳೇ. ಈಗ ಮೆಟ್ಟುಗತ್ತಿಯ ಮುಂದೆ ಕೂತರೆ ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು ಹಾಗೇ ಇದ್ದುಬಿಡುತ್ತಾಳೆ. ಪಕ್ಕದವರ ಬುಟ್ಟಿ ತುಂಬಿ ಬರಿದಾಗಿ ಮತ್ತೆ ತುಂಬಿದರೂ ಅದೇ ಕಾಯಿ ಅದೇ ಕೈಯಲ್ಲಿ ಇರುತ್ತದೆ. ನೆಂಟರು ಬಂದರೆ ಒಳಕೋಣೆ ಸೇರುತ್ತಾಳೆ. ಇದು ಸೋಮಾರಿತನವಲ್ಲ, ಕಾಯಿಲೆಯದ್ದೇ ಒಂದು ಭಾಗ ಎಂದು ಅರ್ಥ ಮಾಡಿಕೊಳ್ಳಲು ನನಗೇ ನಾಲ್ಕು ವರ್ಷ ಬೇಕಾಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಕಾನೂನಿನಲ್ಲಿ ಗೊಂದಲವಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲೇ ಮಾನಸಿಕ ಕಾಯಿಲೆಯ ಹೆಸರಿತ್ತು. 2016ರ ಕಾಯ್ದೆ ಪಟ್ಟಿ ಮಾಡಿರುವ 21 ವಿಧದ ಅಂಗವೈಕಲ್ಯಗಳಲ್ಲಿಯೂ ಅದು ಇದೆ. ವೈಕಲ್ಯ ಶೇ 40 ಮುಟ್ಟಿದೆ ಎಂದು ವೈದ್ಯರು ಪ್ರಮಾಣೀಕರಿಸಿದರೆ ಪಿಂಚಣಿ, ಬಸ್ ಪಾಸ್ ಮುಂತಾದವುಗಳಿಗೆ ಅರ್ಜಿ ಹಾಕಲು ದಾರಿಯಾಗುತ್ತದೆ. ಇದನ್ನು ನನಗೆ ತಿಳಿಸಿ, ಅಂಗವಿಕಲರಿಗೆ ಕೊಡುವ ಯುಡಿಐಡಿ ಎಂಬ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿಸಿಕೊಟ್ಟವರು ನಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು. ಅಲ್ಲಿಯವರೆಗೆ ಅಂಗವಿಕಲರೆಂದರೆ ಕೈಕಾಲು, ಕಣ್ಣು, ಕಿವಿಯ ತೊಂದರೆ ಇರುವವರು ಮಾತ್ರ ಎಂದೇ ನಾನೂ ತಿಳಿದಿದ್ದೆ.

ಮಾನಸಿಕ ಕಾಯಿಲೆಯ ವೈಕಲ್ಯವನ್ನು ಅಳೆಯಲು ಬಳಸುವ ಮಾಪನಕ್ಕೆ ‘ಐಡಿಯಾಸ್’ ಎಂದು ಹೆಸರು. ಭಾರತೀಯ ಮನೋವೈದ್ಯರ ಸಂಘ ಸಿದ್ಧಪಡಿಸಿದ್ದು. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಭಾಗಗಳಿಗೆ ತಲಾ 0ಯಿಂದ 4ರವರೆಗೆ ಅಂಕ ಹಾಕುತ್ತಾರೆ, ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಕಾಯಿಲೆಯ ಅವಧಿಗೆ ಮತ್ತೆ 4ರವರೆಗೆ ಅಂಕ ಸೇರುತ್ತದೆ. ಒಟ್ಟು 20. ಅದರಲ್ಲಿ 7 ಬಂದರೆ ಶೇ 40ರ ಗೆರೆ ದಾಟಿದಂತೆ, 6ಕ್ಕೆ ನಿಂತರೆ ಇಲ್ಲ. ಗೃಹಿಣಿಯಾದರೆ ಕೆಲಸದ ವಿಭಾಗದಲ್ಲಿ ಮನೆಗೆಲಸವನ್ನೇ ಪರಿಗಣಿಸುತ್ತಾರೆ. ಎಕ್ಸ್‌ರೇಯಲ್ಲಾಗಲಿ, ರಕ್ತಪರೀಕ್ಷೆಯಲ್ಲಾಗಲಿ ಕಾಣದ ತೊಂದರೆಯನ್ನು ದಿನನಿತ್ಯದ ಬದುಕಿನಿಂದ ಅಳೆಯುವ ಈ ಕ್ರಮವನ್ನು ನಾನು ಆಕ್ಷೇಪಿಸುವುದಿಲ್ಲ. ರೋಗಿಯ ಜೊತೆಗೆ ಆರೈಕೆ ಮಾಡುವವರಿಂದಲೂ ಮಾಹಿತಿ ಪಡೆಯಬೇಕೆಂಬುದು ಈ ಮಾಪನದ ಪದ್ಧತಿಯಲ್ಲೇ ಇದೆ. ನನ್ನ ತಕರಾರು ಆ ಮಾಹಿತಿಯನ್ನು ಎಲ್ಲಿ, ಯಾರ ಎದುರು, ಹೇಗೆ ಕೇಳುತ್ತಾರೆ ಎಂಬುದರ ಬಗ್ಗೆ.

ಮೊದಲ ಸಲ ಕರೆ ಬಂದಾಗ, ದೊಡ್ಡ ಡಾಕ್ಟರ ಮುಂದೆ ಹೋಗುತ್ತಿದ್ದೇವೆಂದು ಹಿಂದಿನ ರಾತ್ರಿಯೇ ಅವಳ ಸೀರೆ ಇಸ್ತ್ರಿ ಮಾಡಿಟ್ಟೆ. ಬೆಳಗಿನ ಜಾವ ಎದ್ದು ನೀರು ಕಾಯಿಸಿ, ಒತ್ತಾಯ ಮಾಡಿ ತಲೆಗೆ ಸ್ನಾನ ಮಾಡಿಸಿದೆ. ಪಕ್ಕದ ಮನೆಯ ಅತ್ತಿಗೆ ಬಂದು ಜಡೆ ಹಾಕಿ ಅಬ್ಬಲಿಗೆ ದಂಡೆ ಮುಡಿಸಿದರು. ಮೊದಲ ಬಸ್ಸು ಹಿಡಿದು, ಎರಡು ಕಡೆ ಬಸ್ಸು ಬದಲಾಯಿಸಿ, ಸರ್ಕಾರಿ ಆಸ್ಪತ್ರೆಯೊಂದರ ಮುಂದೆ ಸಾಲಿನಲ್ಲಿ ನಿಂತಾಗ ನಮ್ಮ ಹಿಂದಿದ್ದ ಅನುಭವಸ್ಥರೊಬ್ಬರು ಅವಳನ್ನು ಮೇಲಿಂದ ಕೆಳಗೆ ನೋಡಿ, ‘ಇಷ್ಟು ಚೆಂದ ಮಾಡಿ ಕರ್ಕೊಂಡು ಬಂದ್ರೆ ಸರ್ಟಿಫಿಕೇಟ್ ಸಿಗಲ್ಲ ಮಾರಾಯ್ರೆ, ಇದ್ದ ಹಾಗೇ ತರಬೇಕಿತ್ತು’ ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಒಳಗೆ ಆದದ್ದೂ ಹಾಗೆಯೇ. ವೈದ್ಯರು ಸೌಜನ್ಯದಿಂದಲೇ ಕೇಳಿದರು: ‘ಅಡುಗೆ ಮಾಡ್ತೀರಾ ಅಮ್ಮ?’ ಅವಳು ತಕ್ಷಣ, ‘ಹೂಂ, ಎಲ್ಲ ನಾನೇ ಮಾಡ್ತೀನಿ. ಕಡುಬು ಮಾಡ್ತೀನಿ, ರೊಟ್ಟಿ ಮಾಡ್ತೀನಿ’ ಎಂದಳು. ಕಡುಬು ಮಾಡಿ ಆರು ವರ್ಷವಾಗಿತ್ತು. ಆದರೆ ಅವಳು ಸುಳ್ಳು ಹೇಳಲಿಲ್ಲ. ಪರಸ್ಥಳದಲ್ಲಿ, ಪರರ ಎದುರು, ತಾನೊಬ್ಬಳು ಗೃಹಿಣಿ ಎಂದು ಹೇಳಿಕೊಂಡಳು. ವೈದ್ಯರು ನನ್ನ ಕಡೆ ತಿರುಗಿ, ‘ಹೌದಾ?’ ಎಂದರು. ಎಷ್ಟೋ ತಿಂಗಳ ಮೇಲೆ ಅವಳು ಹೊಸಬರೊಬ್ಬರ ಹತ್ತಿರ ಅಷ್ಟು ಮಾತನಾಡಿದ್ದಳು. ನಾನು ತಲೆಯಾಡಿಸಿದೆ.

ಆರು ಏಳು ನಿಮಿಷದಲ್ಲಿ ನಮ್ಮ ಸರದಿ ಮುಗಿಯಿತು. ಸ್ವಂತ ಆರೈಕೆಗೆ 0, ಕೆಲಸಕ್ಕೆ 0, ಉಳಿದೆರಡಕ್ಕೆ ಒಂದೊಂದು, ಕಾಯಿಲೆಯ ಅವಧಿಗೆ 4, ಒಟ್ಟು 6. ಒಂದು ಅಂಕ ಕಡಿಮೆ. ಆ ಒಂದು ಅಂಕವನ್ನು ಕಳೆದವನು ನಾನೇ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಅನ್ನಿಸಿತು. ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಳು.

ಒಂದು ವರ್ಷದ ನಂತರ ಮತ್ತೆ ಅರ್ಜಿ ಹಾಕಿದಾಗ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಎರಡು ತಿಂಗಳ ಕಾಲ ದಿನಕ್ಕೆ ಒಂದೆರಡು ಸಾಲು: ಇಂದು ಎಷ್ಟು ಸಲ ಹೇಳಿದ ಮೇಲೆ ಸ್ನಾನ, ಯಾರೊಂದಿಗೆ ಮಾತು, ಒಲೆಯ ಮೇಲೆ ಇಟ್ಟದ್ದನ್ನು ಇಳಿಸಿದವರು ಯಾರು. ಹೆಂಡತಿಯ ಕೊರತೆಗಳನ್ನು ಅವಳಿಗೆ ಕಾಣದ ಹಾಗೆ ಬರೆದಿಡುವುದು ಹಿತವಾದ ಕೆಲಸವಲ್ಲ. ಆ ಪುಸ್ತಕವನ್ನು ನಾನು ಅಡಿಕೆ ಅಟ್ಟದ ಮೇಲೆ ಇಡುತ್ತಿದ್ದೆ. ಸ್ನಾನ ಮಾಡಿಸದೆ, ತಲೆ ಬಾಚದೆ ಕರೆದುಕೊಂಡು ಹೋಗಲು ಮಾತ್ರ ಎರಡನೆಯ ಸಲವೂ ನನ್ನಿಂದ ಆಗಲಿಲ್ಲ. ಈ ಸಲ ಬೇರೆ ವೈದ್ಯರಿದ್ದರು. ಅವರು ಅವಳೊಂದಿಗೆ ಮಾತನಾಡಿದ ಮೇಲೆ ನರ್ಸ್ ಜೊತೆ ಹೊರಗೆ ಕೂರಿಸಿ, ನನ್ನನ್ನು ಒಬ್ಬನನ್ನೇ ಕೇಳಿದರು. ‘ಸ್ನಾನ ಮಾಡ್ತಾರಾ?’ ಎಂದಲ್ಲ, ‘ಯಾರೂ ಹೇಳದಿದ್ರೆ ಎಷ್ಟು ದಿನಕ್ಕೊಮ್ಮೆ ಮಾಡ್ತಾರೆ?’ ಎಂದು. ‘ಅಡುಗೆ ಬರುತ್ತಾ?’ ಎಂದಲ್ಲ, ‘ನೀವು ಎರಡು ದಿನ ಊರಲ್ಲಿಲ್ಲದಿದ್ರೆ ಮನೆಯಲ್ಲಿ ಊಟ ಏನಾಗುತ್ತೆ?’ ಎಂದು. ನೋಟ್‌ಬುಕ್ಕಿನ ಕೆಲವು ಪುಟಗಳನ್ನು ಓದಿದರು, ಹಳೆಯ ಚೀಟಿಗಳನ್ನು ನೋಡಿದರು. ಒಟ್ಟು 12 ಬಂದಿತು. ಅದೇ ಮನುಷ್ಯಳು, ಅದೇ ಕಾಯಿಲೆ, ಅದೇ ಮಾಪನ. ವ್ಯತ್ಯಾಸವಿದ್ದದ್ದು ಬಾಗಿಲ ಹೊರಗಿನ ಒಂದು ಬೆಂಚು ಮತ್ತು ಸುಮಾರು ಹದಿನೈದು ನಿಮಿಷ.

ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ. ಮಾನಸಿಕ ಕಾಯಿಲೆಯ ಮೌಲ್ಯಮಾಪನದಲ್ಲಿ ಗಂಡ, ಹೆಂಡತಿ, ತಾಯಿ, ಯಾರು ಜೊತೆಗಿದ್ದು ನೋಡಿಕೊಳ್ಳುತ್ತಾರೋ ಅವರನ್ನು ರೋಗಿಯ ಎದುರಿನಿಂದ ಬೇರೆಯಾಗಿ ಕೇಳುವುದನ್ನು ವೈದ್ಯರ ಒಳ್ಳೆಯತನಕ್ಕೆ ಬಿಡದೆ ಕಡ್ಡಾಯ ಮಾಡಬೇಕು, ಕೇಳಿದ್ದೇವೆಂದು ನಮೂನೆಯಲ್ಲಿ ಒಂದು ಸಾಲು ಬರೆಯುವಂತಿರಬೇಕು. ರೋಗಿಯ ಮಾತಿಗೆ ಬೆಲೆಯಿಲ್ಲ ಎಂದು ಇದರ ಅರ್ಥವಲ್ಲ. ಅವಳ ಮಾತನ್ನು ಪೂರ್ತಿ ಕೇಳಲಿ, ಅವಳ ಎದುರೇ ಅವಳ ಮಾತನ್ನು ಸುಳ್ಳು ಮಾಡುವ ಕೆಲಸವನ್ನು ಮಾತ್ರ ನಮಗೆ ಹಚ್ಚದಿರಲಿ. ಹಾಗೆಯೇ ಯಾವ ಯಾವ ವಿಷಯಗಳನ್ನು ಕೇಳುತ್ತಾರೆ ಎಂಬ ಒಂದು ಹಾಳೆಯನ್ನು ಸರಳ ಕನ್ನಡದಲ್ಲಿ ಕರೆಪತ್ರದ ಜೊತೆಗೇ ಕೊಟ್ಟರೆ, ಓದು ಬರಹ ಅಷ್ಟಕ್ಕಷ್ಟೇ ಇರುವವರೂ ಯೋಚಿಸಿಕೊಂಡು ಬರಬಹುದು. ನನಗೆ ಇದೆಲ್ಲ ತಿಳಿದದ್ದು ಒಂದು ಸಲ ಸೋತ ಮೇಲೆ.

ಇನ್ನೊಂದು ಮಾತು ದೂರದ್ದು. ಮಾತ್ರೆಯ ಮಂಪರಿನಲ್ಲಿರುವವರನ್ನು ಮಳೆಗಾಲದಲ್ಲಿ ಘಟ್ಟದ ಸೆರಗಿನ ಊರುಗಳಿಂದ ಎರಡು ಮೂರು ಬಸ್ಸು ಹತ್ತಿಸಿ ಇಳಿಸಿ ಕರೆತರುವುದು ಎಷ್ಟು ಕಷ್ಟವೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರನ್ನು ಕಳುಹಿಸುವ ಪದ್ಧತಿಯನ್ನು ನಮ್ಮ ರಾಜ್ಯ ರೂಪಿಸಿಕೊಂಡಿದೆ. ಆ ದಿನವೇ ಮೌಲ್ಯಮಾಪನವನ್ನೂ ಸೇರಿಸಬಹುದಲ್ಲವೇ? ತಿಂಗಳು ತಿಂಗಳು ಮಾತ್ರೆ ಬರೆದುಕೊಡುವವರಿಗೆ ರೋಗಿಯ ಪರಿಚಯವೂ ಇರುತ್ತದೆ, ಅಬ್ಬಲಿಗೆ ದಂಡೆ ನೋಡಿ ಅವರು ಮೋಸ ಹೋಗುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಸ್ಕಿಜೋಫ್ರೀನಿಯಾ ರೋಗಿಗಳಿಗೆ ಅವರ ಊರಿನ ಸಮೀಪವೇ ಚಿಕಿತ್ಸೆ ಸಿಗುವಂತೆ ನಿಮ್ಹಾನ್ಸ್ 2005ರಲ್ಲಿ ಒಂದು ಕಾರ್ಯಕ್ರಮವನ್ನು ಆರಂಭಿಸಿತ್ತು. ಮನೋವೈದ್ಯ ಡಾ. ಅಶೋಕ್ ಪೈ ಅವರು ಶಿವಮೊಗ್ಗದಲ್ಲಿದ್ದುಕೊಂಡು ಮನೋರೋಗದ ಬಗ್ಗೆ ಜನರಿಗೆ ಅರ್ಥವಾಗುವ ಕನ್ನಡದಲ್ಲಿ ದಶಕಗಳ ಕಾಲ ಬರೆದರು, ಮಾತನಾಡಿದರು. ಇಂಥ ಜಿಲ್ಲೆಗೆ ತಾಲ್ಲೂಕು ಮಟ್ಟದ ಮೌಲ್ಯಮಾಪನ ದೊಡ್ಡ ವಿಷಯವೇನಲ್ಲ ಎಂದು ನನ್ನ ಭಾವನೆ.

ಈಗ ಬಂದಿರುವ ಕಾರ್ಡಿಗೆ ಐದು ವರ್ಷದ ಅವಧಿಯಿದೆ. ಅದು ಮುಗಿದ ಮೇಲೆ ನಾವಿಬ್ಬರೂ ಮತ್ತೆ ಅದೇ ಸಾಲಿನಲ್ಲಿ ನಿಲ್ಲಬೇಕು. ಆಗಲೂ ನಾನು ನೀರು ಕಾಯಿಸಿ ಅವಳಿಗೆ ತಲೆಸ್ನಾನ ಮಾಡಿಸಿಯೇ ಕರೆದುಕೊಂಡು ಬರುತ್ತೇನೆ. ಅಷ್ಟರೊಳಗೆ ಬಾಗಿಲ ಹೊರಗೆ ಆ ಒಂದು ಬೆಂಚು ಎಲ್ಲ ಕಡೆ ಇರುವಂತೆ ಇಲಾಖೆಯವರು ನೋಡಿಕೊಳ್ಳಬೇಕಾಗಿ ವಿನಂತಿ.

ಇಂತಿ,
ಹೊಸನಗರ ತಾಲ್ಲೂಕಿನ ಓದುಗ
(ಹೆಂಡತಿಯ ಹಿತದೃಷ್ಟಿಯಿಂದ ಹೆಸರು, ಊರು ಪ್ರಕಟಿಸಬಾರದಾಗಿ ಕೋರಿಕೆ)