ಸಚಿವರೇ, ತಾಲ್ಲೂಕಿಗೊಂದು ಲಸಿಕೆ ದಾಖಲೆ ತಿದ್ದುಪಡಿ ಕೌಂಟರ್ ಕೊಡಿ

ರಾಜ್ಯದ ಮಾನ್ಯ ಆರೋಗ್ಯ ಸಚಿವರಿಗೆ, ಮಂಡ್ಯದಿಂದ ನಮಸ್ಕಾರ.

ಕೋವಿಡ್ ಇಳಿದ ಮೇಲೆ ಲಸಿಕೆ ಪ್ರಮಾಣಪತ್ರದ ಮಾತನ್ನು ಯಾರೂ ಎತ್ತುತ್ತಿಲ್ಲ. ಅಂದು ತಪ್ಪಾಗಿ ಬಂದ ಹೆಸರುಗಳು ಮಾತ್ರ ಹಾಗೇ ಉಳಿದಿವೆ. ನಾವು ಕೇಳುವುದು ಒಂದೇ: ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ, ಲಸಿಕೆ ದಾಖಲೆ ತಿದ್ದುವ ಅಧಿಕಾರವಿರುವ ಒಂದು ಕೌಂಟರ್.

ವಿದೇಶಕ್ಕೆ ಹೋಗುವವರ ಲಸಿಕೆ ಪ್ರಮಾಣಪತ್ರದಲ್ಲಿ ಹೆಸರು, ಜನ್ಮದಿನಾಂಕ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಬೇಕೆಂಬ ನಿಯಮ ನಿಮಗೆ ಗೊತ್ತೇ ಇದೆ. ತೊಡಕು ಹುಟ್ಟುವ ಜಾಗ ಹೇಳುತ್ತೇವೆ. ನಮ್ಮ ಕಡೆ ಹೆಸರಿನ ಜೊತೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ಇದ್ದಂತೆಯೇ ಕೋವಿನ್‌ಗೂ, ಅಂದರೆ ಕೇಂದ್ರದ ಕೋವಿಡ್ ಲಸಿಕೆ ಪೋರ್ಟಲ್‌ಗೂ, ಹೋಯಿತು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯದು, ಬಿಡಿಸಿ ಬರೆಯಬೇಕು. ಗೌಡ ಎಂಬುದರ ಇಂಗ್ಲಿಷ್ ಸ್ಪೆಲ್ಲಿಂಗಂತೂ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ. ಜನ್ಮದಿನಾಂಕದ್ದೂ ಅದೇ ಗೋಳು. ಪೂರ್ತಿ ದಿನಾಂಕವಿರುವ ಅಂತರರಾಷ್ಟ್ರೀಯ ಪ್ರಯಾಣದ ಪ್ರಮಾಣಪತ್ರ ಕೋವಿನ್‌ನಲ್ಲಿ ಬಂದದ್ದೇ 2021ರ ಸೆಪ್ಟೆಂಬರ್ ಕೊನೆಗೆ.

ತಿದ್ದುವುದಕ್ಕೆ ದಾರಿ ಇತ್ತು, ನಿಜ. ಲಾಗಿನ್ ಆಗಿ, ಮೊದಲು ಹೆಸರನ್ನು ಪಾಸ್‌ಪೋರ್ಟ್‌ನಲ್ಲಿರುವಂತೆ ಅಕ್ಷರ ಬಿಡದೆ ತಿದ್ದಬೇಕು, ಆಮೇಲೆ ಪಾಸ್‌ಪೋರ್ಟ್ ಸಂಖ್ಯೆ ಸೇರಿಸಬೇಕು, ಕೊನೆಗೆ ಪ್ರಯಾಣದ ಪ್ರಮಾಣಪತ್ರ ಇಳಿಸಿಕೊಳ್ಳಬೇಕು. ಆದರೆ ತಿದ್ದುಪಡಿಗೆ ಅವಕಾಶ ಒಂದೇ ಸಲ. ಒಟಿಪಿ ಹೋಗುವುದು ಲಸಿಕೆಯ ದಿನ ಕೊಟ್ಟ ಮೊಬೈಲಿಗೆ. ಹಳ್ಳಿಗಳಲ್ಲಿ ಎಷ್ಟೋ ಜನರದ್ದು ಪಕ್ಕದ ಮನೆಯವರ ನಂಬರು.

ಮದ್ದೂರು ಕಡೆಯ ಒಬ್ಬ ತಾಯಿ ಮಗಳ ಬಾಣಂತನಕ್ಕೆ ವಿದೇಶಕ್ಕೆ ಹೊರಟಿದ್ದರು. ಸೈಬರ್ ಸೆಂಟರಿನವರು ಹುಟ್ಟಿದ ವರ್ಷವೊಂದನ್ನೇ ತಿದ್ದಿ ಸಬ್ಮಿಟ್ ಮಾಡಿಬಿಟ್ಟರು. ಇದ್ದ ಒಂದು ಅವಕಾಶ ಹೋಯಿತು, ಹೆಸರು ಹಾಗೇ ಉಳಿಯಿತು. ಕಚೇರಿಗೆ ಹೋದರೆ, 'ಅದು ದಿಲ್ಲಿಯವರ ಕೈಲಿದೆ ಕಣಮ್ಮ, ನಮ್ಮತ್ರ ಏನೂ ಇಲ್ಲ' ಎಂದರು. ಕೊನೆಗೆ ಯಾರೋ ಪಿಡಿಎಫ್‌ನಲ್ಲೇ ಹೆಸರು ಬದಲಾಯಿಸಿ ಪ್ರಿಂಟ್ ತೆಗೆದುಕೊಟ್ಟರು. ಕಾಗದದ ಮೇಲಿನ ಅಕ್ಷರ ಬದಲಾದರೆ ಕ್ಯೂಆರ್ ಕೋಡ್ ಬದಲಾಗುತ್ತದೆಯೇ? ಅದರೊಳಗೆ ಡಿಜಿಟಲ್ ಸಹಿ ಬಿದ್ದಿರುವುದು ಹಳೆಯ ಹೆಸರಿಗೆ. ಸ್ಕ್ಯಾನ್ ಮಾಡಿದಾಗ ಹಳೆಯದೇ ಬಂತು, ಆ ತಾಯಿ ನಕಲಿ ಪ್ರಮಾಣಪತ್ರ ತಂದವರಾದರು. ಟಿಕೆಟ್ ದುಡ್ಡು ಹೋಯಿತು, ಮಗಳ ಹೆರಿಗೆಗೆ ಅಮ್ಮ ಇಲ್ಲದಂತಾಯಿತು. ಇದಕ್ಕೆ ಯಾರು ಜವಾಬ್ದಾರಿ ಸ್ವಾಮಿ? ಮೂರಕ್ಷರ ತಿದ್ದುವವರು ಇಡೀ ಜಿಲ್ಲೆಯಲ್ಲಿ ಒಬ್ಬರೂ ಇರಲಿಲ್ಲವೇ?

ಕೋವಿನ್ ಕೇಂದ್ರದ್ದು ಎನ್ನಬೇಡಿ. ಲಸಿಕೆ ಹಾಕಿ ಹೆಸರು ಎಂಟ್ರಿ ಮಾಡಿದ್ದು ನಿಮ್ಮ ಇಲಾಖೆಯ ಸಿಬ್ಬಂದಿ. ತಿದ್ದುವ ಲಾಗಿನ್ ಅನ್ನು ಕೇಂದ್ರದಿಂದ ಕೇಳಿ ತರುವುದು ನಿಮ್ಮ ಕೆಲಸ.

ಮುಗಿದ ವಿಷಯವೂ ಇದಲ್ಲ. ಆರೋಗ್ಯ ದಾಖಲೆಗಳನ್ನು ಡಿಜಿಟಲ್ ರೂಪದಲ್ಲೂ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಿಗೆ 2024ರಲ್ಲಿ ತಿದ್ದುಪಡಿಯಾಗಿದೆ. ಆಫ್ರಿಕಾದ ಹಲವು ದೇಶಗಳಿಗೆ ಹೋಗುವವರಿಗೆ ಬೇಕಾದ ಹಳದಿ ಜ್ವರದ ಕಾರ್ಡಿನಲ್ಲೂ ಹೆಸರು ಪಾಸ್‌ಪೋರ್ಟ್‌ಗೆ ಹೊಂದಲೇಬೇಕು. ಆ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ, ಅದರಲ್ಲಿನ ತಪ್ಪೂ ಅಷ್ಟೇ ಕಾಲ ಕಾಡುತ್ತದೆ.

ಕೌಂಟರ್ ಎಂದರೆ ದೊಡ್ಡ ಕಟ್ಟಡ ಬೇಡ. ವಾರಕ್ಕೆರಡು ದಿನ ಒಬ್ಬ ಸಿಬ್ಬಂದಿ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಸಾಕು. ಪಾಸ್‌ಪೋರ್ಟ್, ಆಧಾರ್ ಎರಡರ ಅಸಲನ್ನೂ ಎದುರಿಗೇ ನೋಡಿ ಹೆಸರು, ದಿನಾಂಕ, ಮೊಬೈಲ್ ನಂಬರ್ ತಿದ್ದಬೇಕು. ಹೊಸ ಕ್ಯೂಆರ್ ಕೋಡನ್ನು ಅಲ್ಲೇ ಸ್ಕ್ಯಾನ್ ಮಾಡಿ ತೋರಿಸಿಯೇ ಕೈಗೆ ಕೊಡಬೇಕು. ಚಿಕ್ಕದಾಗಿ ಮುದ್ರಿಸಿದರೆ, ಮಿರುಗುವ ಲ್ಯಾಮಿನೇಷನ್ ಮಾಡಿಸಿದರೆ ಕೋಡ್ ಓದಿಸಿಕೊಳ್ಳದು ಎಂದೂ ಅಲ್ಲಿ ಹೇಳಿ ಕಳಿಸಬೇಕು.

ನಾಗಮಂಗಲದವರು, ಮಳವಳ್ಳಿಯವರು ಇದಕ್ಕಾಗಿ ಬೆಂಗಳೂರಿಗೆ ಅಲೆಯಬಾರದು. ತಾಲ್ಲೂಕಿಗೊಂದು ಕೌಂಟರ್ ಕೊಡಿ. ಯಾವ ತಿಂಗಳಿನಿಂದ ಎಂಬುದನ್ನು ಲಿಖಿತವಾಗಿ ತಿಳಿಸಿ.

ಇಂತಿ,
ಪ್ರಯಾಣ ದಾಖಲೆಗಳ ಕೆಲಸ ಮಾಡುವ ಮಂಡ್ಯದ ನಾಗರಿಕರು