ಶನಿವಾರದ ತಿಂಡಿ ಮೇಜು: ಎಲ್ಲರೂ ಓದಿ

ಅಪ್ಪನ ನಿವೃತ್ತಿ ಪಾರ್ಟಿಗೆ ಬಫೆ ಬೇಡ, ಎಲೆ ಊಟವೂ ಬೇಡ ಅಂತ ಆಯ್ತಲ್ಲ. ತಾರಸಿಯಲ್ಲಿ ಒಂದೇ ಉದ್ದನೆ ಮೇಜು, ತುಂಬ ತಿಂಡಿ. 40 ಜನ ಮಾತಾಡ್ತಾ ಓಡಾಡ್ತಾ ಬೇಕಾದ್ದು ಎತ್ಕೊಂಡು ತಿನ್ನಲಿ.

ಮೇಜನ್ನ ಗೋಡೆಗೆ ಒತ್ತಿ ಇಡಬೇಡಿ. ಒಂದೇ ಕಡೆಯಿಂದ ಬಂದ್ರೆ ರೇಷನ್ ಅಂಗಡಿ ಸಾಲೇ ಆಗುತ್ತೆ. ಬಾಳೆ ಎಲೆ ಹಾಸಿ ಮೊದಲು ಚಟ್ನಿ, ಮೊಸರಿನ ಬಟ್ಟಲು ಇಡೋಣ. ಅದರ ಸುತ್ತ ಚಕ್ಕುಲಿ, ಕೋಡುಬಳೆ, ಮದ್ದೂರು ವಡೆ. ವಡೆ ಇಡಿಯಾಗಿ ಇಟ್ರೆ ಒಂದು ತಿಂದು ಕೈ ತೊಳ್ಕೊಳ್ತಾರೆ, ನಾಲ್ಕು ತುಂಡು ಮಾಡಿ. ಸಂದಿಗಳಲ್ಲಿ ದ್ರಾಕ್ಷಿ, ಧಾರವಾಡ ಪೇಡ. ನಿಪ್ಪಟ್ಟು ಮಾತ್ರ ದೂರದ ತುದಿಗೆ, ಬೇರೆ ತಟ್ಟೇಲಿ: ಅಕ್ಕನ ಮಗನಿಗೆ ಕಡಲೆಕಾಯಿ ಆಗಲ್ಲ.

ಅತ್ತಿಗೆ, ಕೋಸಂಬರಿಗೆ ಉಪ್ಪು, ನಿಂಬೆರಸ ಮನೇಲೇ ಹಾಕಿ ತರಬೇಡಿ. ಉಪ್ಪು ಬಿದ್ದ ಸೌತೆಕಾಯಿ ನೀರು ಬಿಡುತ್ತೆ. ಹೋದ ಸಲ ನನ್ನ ಬಟ್ಟಲಲ್ಲಿ ಹೆಸರುಬೇಳೆ ಈಜಾಡ್ತಿತ್ತು! ಚುರುಮುರಿಯೂ ಅಷ್ಟೇ, ಮೊದಲೇ ಕಲಸಿದ್ರೆ ಮಂಡಕ್ಕಿ ಮೆತ್ತಗಾಗುತ್ತೆ. ಈರುಳ್ಳಿ, ಟೊಮೇಟೊ, ಖಾರ, ಎಣ್ಣೆ ಬೇರೆ ಬೇರೆ ಇರಲಿ. ಕೇಳಿದವರಿಗೆ ಕಲಸಿ ಪೊಟ್ಟಣ ಕಟ್ಟಿಕೊಡೋದು ಚಿಕ್ಕಪ್ಪನ ಕೆಲಸ. ಅವರಿಗೆ ಅದು ಇಷ್ಟ ಕೂಡ.

ಚಟ್ನಿ, ಮೊಸರು, ಹೆಚ್ಚಿದ ಹಣ್ಣು 2 ಗಂಟೆಗಿಂತ ಜಾಸ್ತಿ ಹೊರಗೆ ಇರಬಾರ್ದು. ಅರ್ಧ ಫ್ರಿಜ್ಜಲ್ಲಿರಲಿ, ಹಳೇ ಬಟ್ಟಲು ತೆಗೆದು ಹೊಸದು ಇಡೋಣ. ಹಳೇದರ ಮೇಲೇ ಸುರೀಬೇಡಿ. ಸೇಬು ಅಲ್ಲೇ ಹೆಚ್ಚೋಣ, ಮನೆಯಿಂದ ಹೆಚ್ಚಿ ತಂದ್ರೆ ಕಪ್ಪಾಗುತ್ತೆ.

ಜೋಡಿಸೋಕೆ 4 ಗಂಟೆಗೆ ಬನ್ನಿ. ನಮ್ಮನೇಲಿ ಇಕ್ಕಳ ಒಂದೇ ಇರೋದು, ಇದ್ದವರು ತನ್ನಿ.